ಮಧುಮೇಹಿಗಳಲ್ಲಿ ಅಧಿಕ ರಕ್ತದೊತ್ತಡದ ನಿರ್ವಹಣೆ: ಬೀದರ, ಭಾಲ್ಕಿ, ಔರಾದ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಬೀದರ ಸೀಮೆಯ ಆಡುಮಾತಿನಲ್ಲಿ ಮಧುಮೇಹವು 'ಶುಗರ್' ಎಂದೂ ಅಧಿಕ ರಕ್ತದೊತ್ತಡವು 'ಬಿ.ಪಿ.' ಎಂದೂ ಪರಿಚಿತವಾಗಿವೆ. ಇವೆರಡನ್ನೂ ಸಂಬಂಧವಿಲ್ಲದ ರೋಗಗಳೆಂದೆಣಿಸಿ, ಮೊದಲನೆಯದಕ್ಕೆ ಮಾತ್ರ ತಪ್ಪದೆ ಔಷಧಿ ಸೇವಿಸುವವರುಂಟು. ವಸ್ತುತಃ ಇವೆರಡೂ ಒಂದೇ ರಕ್ತನಾಳವನ್ನು ಎರಡು ಬಗೆಯಲ್ಲಿ ಘಾಸಿಗೊಳಿಸುತ್ತವೆ. ಸಕ್ಕರೆಯು ನಾಳದ ಒಳಪದರವನ್ನು ಕೆಡಿಸುತ್ತದೆ. ಹೆಚ್ಚಿದ ಒತ್ತಡವು ಆ ದುರ್ಬಲ ಗೋಡೆಯನ್ನು ಗಡುಸಾಗಿಸುತ್ತದೆ. ಇದರ ಪರಿಣಾಮವನ್ನು ಮೂತ್ರಪಿಂಡ, ಕಣ್ಣು, ಹೃದಯ ಹಾಗೂ ಮೆದುಳು ಅನುಭವಿಸುತ್ತವೆ.

1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದು 1148 ಮಧುಮೇಹಿಗಳನ್ನು ಪರಿಶೀಲಿಸಿತು. ಸರಾಸರಿ ಒತ್ತಡವು 154/87ರಷ್ಟಿದ್ದವರಿಗಿಂತ 144/82ಕ್ಕೆ ಇಳಿದವರಲ್ಲಿ ಪಾರ್ಶ್ವವಾಯು ಶೇ. 44ರಷ್ಟೂ ಮಧುಮೇಹಸಂಬಂಧಿ ಮರಣ ಶೇ. 32ರಷ್ಟೂ ಕಡಿಮೆಯಾದುದು ಕಂಡುಬಂದಿತು. ಕೇವಲ ಹತ್ತು ಅಂಶಗಳ ಇಳಿಕೆಯಿಂದ ಲಭಿಸಿದ ಈ ಫಲ ಗಮನಾರ್ಹವಾದುದು. ಇಂದು ಬಹುಪಾಲು ಮಧುಮೇಹಿಗಳಿಗೆ 130/80ಕ್ಕಿಂತ ಕೆಳಗಿನ ಗುರಿಯನ್ನು ಸೂಚಿಸಲಾಗುತ್ತದೆ. ವೃದ್ಧರಲ್ಲಿ ಹಾಗೂ ಎದ್ದಾಗ ತಲೆಸುತ್ತುವವರಲ್ಲಿ ವೈದ್ಯರು ಅದನ್ನು ಸಡಿಲಿಸುತ್ತಾರೆ.

ಐದು ನಿಮಿಷ ವಿಶ್ರಮಿಸಿ, ಬೆನ್ನಿಗೆ ಆಸರೆ ಪಡೆದು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ ಒತ್ತಡವನ್ನು ಅಳೆಯಬೇಕು. ದೀರ್ಘಕಾಲದ ಮಧುಮೇಹದಲ್ಲಿ ನರಗಳು ದುರ್ಬಲಗೊಳ್ಳುವುದರಿಂದ ನಿಂತಾಗಲೂ ಅಳೆಯುವುದು ಅವಶ್ಯ. ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದ್ದರೆ ಎನಾಲಾಪ್ರಿಲ್ ವರ್ಗದ ಅಥವಾ ಟೆಲ್ಮಿಸಾರ್ಟಾನ್ ವರ್ಗದ ಔಷಧಿಗಳು ಮೂತ್ರಪಿಂಡಕ್ಕೆ ರಕ್ಷಣೆಯೀಯುತ್ತವೆ. ಆದರೆ ಇವೆರಡನ್ನೂ ಒಟ್ಟಿಗೆ ಸೇವಿಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕರವಾಗಿ ಏರಬಹುದು. ಗರ್ಭಿಣಿಯರಿಗೆ ಇವು ಸಲ್ಲವು.

ಈ ಎಚ್ಚರಿಕೆಯು ಗಡಿನಾಡಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಔರಾದ ಮತ್ತು ಭಾಲ್ಕಿಗಳಿಂದ ಬೀದರ ನಗರವು ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ, ಬೀದರದಲ್ಲಿ ಮತ್ತೊಮ್ಮೆ, ಉದಗೀರ ಅಥವಾ ಹೈದರಾಬಾದಿನಲ್ಲಿ ಇನ್ನೊಮ್ಮೆ ತೋರಿಸಿಕೊಳ್ಳುವ ರೋಗಿಯ ಕೈಯಲ್ಲಿ ಹಲವು ಚೀಟಿಗಳಿರುತ್ತವೆ. ಒಂದೇ ಗುಳಿಗೆ ಬೇರೆ ಬೇರೆ ವ್ಯಾಪಾರನಾಮಗಳಲ್ಲಿ ಎರಡು ಬಾರಿ ಹೊಟ್ಟೆ ಸೇರುವ ಸಂಭವವಿದೆ. ಎಲ್ಲ ಔಷಧಿಗಳ ಮೂಲ ಹೆಸರು, ಒತ್ತಡ, ಸಕ್ಕರೆ, ಮೂತ್ರಪರೀಕ್ಷೆಯ ಫಲ ಇವನ್ನು ದಾಖಲಿಸಿದ ಒಂದೇ ಪುಸ್ತಕವನ್ನು ಎಲ್ಲೆಡೆಗೂ ಒಯ್ಯುವುದು ಇದಕ್ಕೆ ಸರಳ ಪರಿಹಾರ.

ಆಹಾರದಲ್ಲಿ ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪು ಇವು ಹಿತಕರವೇ. ಆದರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳ ಮೂಲಕ ಸೇರುವ ಉಪ್ಪು ಲೆಕ್ಕಕ್ಕೆ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಕಡುಬೇಸಿಗೆಯಲ್ಲಿ, ವಾಂತಿಭೇದಿಯಲ್ಲಿ, ರಂಜಾನ್ ಅಥವಾ ಶ್ರಾವಣದ ಉಪವಾಸಗಳಲ್ಲಿ ದೇಹದ ನೀರು ಇಂಗುವುದರಿಂದ ಗುಳಿಗೆಗಳ ಪ್ರಮಾಣವನ್ನು ವೈದ್ಯರೊಡನೆ ಮುಂಚಿತವಾಗಿ ಚರ್ಚಿಸಬೇಕು. ಮೈಕೈ ನೋವಿಗೆಂದು ತಾವಾಗಿಯೇ ಕೊಂಡು ನುಂಗುವ ನೋವುನಿವಾರಕಗಳು ಒತ್ತಡವನ್ನು ಏರಿಸಿ ಮೂತ್ರಪಿಂಡಕ್ಕೂ ಹಾನಿ ತರುತ್ತವೆ.

ಒತ್ತಡವು ಇಳಿದಿರುವುದು ಗುಳಿಗೆಯ ಫಲವೇ ಹೊರತು ರೋಗ ಗುಣವಾದುದರ ಲಕ್ಷಣವಲ್ಲ. ಆದ್ದರಿಂದ ತಲೆನೋವು, ಸುಸ್ತು ಮೊದಲಾದ ಸೂಚನೆಗಳಿಗೆ ಕಾಯದೆ, ಸಕ್ಕರೆಯನ್ನು ಪರೀಕ್ಷಿಸುವ ದಿನವೇ ರಕ್ತದೊತ್ತಡವನ್ನೂ ಅಳೆಯಿಸಿ ಅದೇ ಪುಟದಲ್ಲಿ ಬರೆಯಿಸಿಕೊಳ್ಳುವುದು ಪ್ರತಿಯೊಬ್ಬ ಮಧುಮೇಹಿಯ ನಿಯಮವಾಗಬೇಕು.