ಇವತ್ತಿಗೋ, ನಾಳಿದ್ದಿಗೋ?

ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹಣ್ಣು ಕೊಳ್ಳಲು ಹೋದವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಪರಂಗಿ ಹಣ್ಣಿನ ಮೇಲೆ ಕೈಯಿಟ್ಟೊಡನೆ ವ್ಯಾಪಾರಿ ಕೇಳುತ್ತಾನೆ: "ಇವತ್ತಿಗಾ ಸಾರ್, ನಾಳಿದ್ದಿಗಾ?" ದಂಡಿನ ಬೆಂಗಳೂರಿನಲ್ಲಿ 1927ರಲ್ಲಿ ಎದ್ದ ಆ ಕಟ್ಟಡದೊಳಗೆ ಈ ಪ್ರಶ್ನೆ ಎಷ್ಟು ಸಲ ಕೇಳಿಬಂದಿದೆಯೋ ಬಲ್ಲವರಾರು!

ಮೊನ್ನೆ ನಾನು ಹೀಗೆ ಹಣ್ಣು ಆರಿಸುತ್ತಿದ್ದಾಗ ಪಕ್ಕದ ಓಣಿಯಲ್ಲಿ ಸಾಂಬಾರ ಪದಾರ್ಥಗಳ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಎದುರಾದರು. ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿ, ಅದಕ್ಕೆ ಡೆಬಿಯನ್ ಹಾಕಿಸುವ ಯೋಚನೆ ಅವರದು. ಹಾಕಿಕೊಡುವ ಹುಡುಗ "ಸ್ಟೇಬಲ್ ಬೇಕೋ, ಟೆಸ್ಟಿಂಗ್ ಬೇಕೋ?" ಎಂದು ಕೇಳಿದನಂತೆ. "ಹೊಸದು ಇರುವಾಗ ಹಳೆಯದನ್ನು ಯಾಕೆ ಹಾಕಿಸಬೇಕು, ಹೇಳಿ ಸ್ವಾಮಿ" ಎಂದರು ಮಿತ್ರರು. ಪ್ರಶ್ನೆ ಸಣ್ಣದಲ್ಲ, ಅವರ ಇಡೀ ವ್ಯಾಪಾರದ ಲೆಕ್ಕ ಅದರಲ್ಲಿತ್ತು.

ಡೆಬಿಯನ್ ಎಂಬುದು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ಯಾರು ಬೇಕಾದರೂ ಪಡೆದು, ತಿದ್ದಿ, ಹಂಚಬಹುದಾದ ಆಪರೇಟಿಂಗ್ ಸಿಸ್ಟಂ. ಅದನ್ನು ಕಟ್ಟುವವರು ನಾನಾ ದೇಶಗಳ ಸ್ವಯಂಸೇವಕರು. ಅದನ್ನು ಯಂತ್ರಕ್ಕೆ ಅಳವಡಿಸಿಕೊಳ್ಳಬಹುದಾದ ಭಾಷೆಗಳ ಸಾಲಿಗೆ 2011ರ ಆರನೆಯ ಆವೃತ್ತಿಯಲ್ಲಿ ಕನ್ನಡವೂ ಸೇರಿತು.

ಅದರಲ್ಲಿ ಹೊಸ ತಂತ್ರಾಂಶವು ಮೊದಲು ಬರುವುದು 'ಅನ್‌ಸ್ಟೇಬಲ್' ಎಂಬ ಅಂಗಳಕ್ಕೆ. ಇದರ ಶಾಶ್ವತ ಹೆಸರು ಸಿಡ್. 1995ರ 'ಟಾಯ್ ಸ್ಟೋರಿ' ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆಯ ಹುಡುಗನ ಹೆಸರು! ಅಲ್ಲಿ ಸಾಮಾನ್ಯವಾಗಿ 2ರಿಂದ 10 ದಿನ ಕಳೆದು, ಹೊಸ ಗಂಭೀರ ದೋಷಗಳು ಕಾಣದಿದ್ದರೆ, ತಂತ್ರಾಂಶವು 'ಟೆಸ್ಟಿಂಗ್'ಗೆ ಏರುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಹೊಸ ಸರಕಿನ ಪ್ರವೇಶವನ್ನು ತಡೆದು, ಉಳಿದ ದೋಷಗಳನ್ನು ಒಂದೊಂದಾಗಿ ತಿದ್ದಿ, ಅದನ್ನೇ 'ಸ್ಟೇಬಲ್' ಎಂದು ಹೊರತರುತ್ತಾರೆ. 2025ರ ಆಗಸ್ಟ್ 9ರಂದು ಹೊರಬಂದ 13ನೆಯ ಆವೃತ್ತಿ 'ಟ್ರಿಕ್ಸಿ' ಇಂತಹುದು. ಆಮೇಲೆ ಅದರಲ್ಲಿ ರಿಪೇರಿಯುಂಟು, ಹೊಸ ಅಲಂಕಾರವಿಲ್ಲ.

ಈ ತಾಳ್ಮೆಗೂ ಬೆಲೆಯುಂಟು. 2002ರ ಜುಲೈ ಆದಮೇಲೆ ಮುಂದಿನ ಸ್ಟೇಬಲ್ ಬಂದುದು 2005ರ ಜೂನ್‌ನಲ್ಲಿ. ಅಷ್ಟು ಕಾಲ ಹಳೆಯದರಲ್ಲಿಯೇ ದಿನ ದೂಡಬೇಕಾಯಿತು. ಹಾಗೆಂದು ಟೆಸ್ಟಿಂಗ್ ಎಂಬುದು ಸುಖದ ನಡುದಾರಿ ಎಂದುಕೊಳ್ಳುವಂತಿಲ್ಲ. ಭದ್ರತೆಯಲ್ಲಿ ಬಿರುಕು ಕಂಡಾಗ ಸ್ಟೇಬಲ್‌ಗೆ ನೇರವಾಗಿ ತೇಪೆ ಹಾಕುವ ತಂಡವಿದೆ. ಟೆಸ್ಟಿಂಗ್‌ಗಾದರೋ ಆ ತೇಪೆ ಬಹುಮಟ್ಟಿಗೆ ಅನ್‌ಸ್ಟೇಬಲ್‌ನಲ್ಲಿ ಸರದಿ ಕಾದು ಬರಬೇಕು.

2024ರ ಮಾರ್ಚ್‌ನಲ್ಲಿ ನಡೆದ ಸಂಗತಿಯೊಂದನ್ನು ಮಿತ್ರರಿಗೆ ಹೇಳಿದೆ. ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ಒಂದು ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದರು. ಅದು ಅನ್‌ಸ್ಟೇಬಲ್ ದಾಟಿ ಟೆಸ್ಟಿಂಗ್‌ಗೂ ನುಸುಳಿತ್ತು. ಸ್ಟೇಬಲ್ ಮಾತ್ರ ತನ್ನ ನಿಧಾನದಿಂದಲೇ ಉಳಿದುಕೊಂಡಿತ್ತು.

"ನೋಡಿದಿರಾ, ಹಾಗಾದರೆ ಹಳೆಯದೇ ವಾಸಿ!" ಎಂದರು ಅವರು.

ಅಷ್ಟಕ್ಕೆ ಕಥೆ ಮುಗಿಯಲಿಲ್ಲ. ಕಳ್ಳಬಾಗಿಲನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದಿಂದ ಯಂತ್ರದೊಳಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದುದು ಅವರ ಗಮನಕ್ಕೆ ಬಂತು. ಬೇರೆಯವರಾಗಿದ್ದರೆ ಉದಾಸೀನ ಮಾಡುತ್ತಿದ್ದರೇನೋ. ಅವರು ಬೆನ್ನುಹತ್ತಿ ಹುಡುಕಿ, ಮಾರ್ಚ್ 29ರಂದು ಲೋಕಕ್ಕೆಲ್ಲ ತಿಳಿಸಿದರು. ಅವರು ಆಗ ಬಳಸುತ್ತಿದ್ದುದು ಸ್ಟೇಬಲ್ ಅಲ್ಲ, ಅನ್‌ಸ್ಟೇಬಲ್. ಎಲ್ಲರೂ ಸ್ಟೇಬಲ್‌ನ ನೆರಳಿನಲ್ಲಿಯೇ ಕುಳಿತಿದ್ದರೆ, ಆ ಬಾಗಿಲು ಯಾರ ಕಣ್ಣಿಗೂ ಬೀಳದೆ ಮುಂದಿನ ಸ್ಟೇಬಲ್‌ನೊಳಕ್ಕೇ ಬಂದುಬಿಡಬಹುದಾಗಿತ್ತು. ಒಬ್ಬರ ನೆಮ್ಮದಿಗೆ ಇನ್ನೊಬ್ಬರ ಎಚ್ಚರವೇ ಕಾವಲು.

ಆದುದರಿಂದ ನಾನೆಂದೆ: "ಅಂಗಡಿಗೆ ಸ್ಟೇಬಲ್ ಹಾಕಿಸಿ. ಹಬ್ಬದ ಹಿಂದಿನ ಸಂಜೆ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಯಂತ್ರ ಮುಷ್ಕರ ಹೂಡಿದರೆ ನಿಮಗೆ ತಡೆಯದು. ಮನೆಯಲ್ಲಿ ನಿಮ್ಮ ಮಗ ಓದಿಗೆ ಬಳಸುವ ಕಂಪ್ಯೂಟರಿನಲ್ಲಿ ಬೇಕಾದರೆ ಟೆಸ್ಟಿಂಗ್ ಇರಲಿ. ಕೆಟ್ಟರೆ ಒಂದು ದಿನ ಹೋಗುತ್ತದೆ, ಅಷ್ಟೆ. ಆದರೆ ಕೆಟ್ಟುದನ್ನು ಕಂಡಾಗ ಅವನು ಸುಮ್ಮನಿರಬಾರದು, ಬರೆದು ತಿಳಿಸಬೇಕು. ನಮ್ಮ ಸ್ಟೇಬಲ್‌ನ ಋಣ ತೀರುವುದು ಹಾಗೆ."

ಮಿತ್ರರು ಕ್ಷಣಕಾಲ ಯೋಚಿಸಿದರು. ಅಷ್ಟರಲ್ಲಿ ವ್ಯಾಪಾರಿ ಅವರತ್ತಲೂ ತಿರುಗಿ ತನ್ನ ಎಂದಿನ ಪ್ರಶ್ನೆಯನ್ನು ಹಾಕಿದ.

"ಇವತ್ತಿಗೊಂದು ಕೊಡಪ್ಪ, ನಾಳಿದ್ದಿಗೊಂದು ಕೊಡು" ಎಂದು ಅವರು ಚೀಲದ ಬಾಯಿ ಅಗಲಿಸಿದರು.