ಸೇತುವೆ ಮುರಿಯುವುದು ಎಲ್ಲಿಂದ?

ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ನೀವು ಮನೆ, ಗೋಪುರ ಕಟ್ಟಿರಬಹುದು. ಈಗ ಸೇತುವೆ ಕಟ್ಟೋಣ ಬನ್ನಿ.

ಇಟ್ಟಿಗೆಗಳನ್ನು ಸಾಲಾಗಿ ಇಡಿ. ಎರಡು ಇಟ್ಟಿಗೆ ಸೇರುವ ಸಂದಿನ ಮೇಲೆ ಇನ್ನೊಂದು ಇಟ್ಟಿಗೆ ಬರುವಂತೆ ಎರಡನೆಯ ಸಾಲನ್ನು ಒತ್ತಿ ಕೂರಿಸಿ. ಗಾರೆ ಕೆಲಸದವರು ಗೋಡೆ ಕಟ್ಟುವುದೂ ಹೀಗೆಯೇ. ಈ ಪಟ್ಟಿಯನ್ನು ಪುಸ್ತಕಗಳ ಎರಡು ರಾಶಿಗಳ ಮೇಲೆ ಅಡ್ಡಲಾಗಿ ಇಟ್ಟು, ನಟ್ಟನಡುವೆ ಒಂದೊಂದೇ ಕಲ್ಲು ಹೇರಿ. ಕಣ್ಣು ಮಾತ್ರ ಪಟ್ಟಿಯ ಅಡಿಭಾಗದ ಮೇಲಿರಲಿ!

ಪಟ್ಟಿ ಬಾಗಿದಂತೆ ಕೆಳಗಿನ ಸಂದುಗಳು ಬಾಯಿ ಬಿಡುತ್ತವೆ. ಮೇಲಿನವು ಇನ್ನಷ್ಟು ಬಿಗಿಯಾಗುತ್ತವೆ. ಏಕೆ ಗೊತ್ತೇ? ಭಾರ ಬಿದ್ದಾಗ ಮೇಲ್ಭಾಗದಲ್ಲಿ ಒತ್ತಡ, ಕೆಳಭಾಗದಲ್ಲಿ ಎಳೆತ ಉಂಟಾಗುತ್ತದೆ. ನಿಮ್ಮ ಸೇತುವೆ ಸೋಲುವುದು ಈ ಎಳೆತಕ್ಕೆ. ರಾಶಿಗಳನ್ನು ಹತ್ತಿರ ತಂದು ಮತ್ತೆ ಹೇರಿ. ಅದೇ ಪಟ್ಟಿ ಹೆಚ್ಚು ಭಾರ ಹೊರುತ್ತದೆ.

ಕಲ್ಲಿನ ಗುಣವೂ ಇದೇ: ಒತ್ತಡವನ್ನು ತಾಳುತ್ತದೆ, ಎಳೆತಕ್ಕೆ ಬಿರುಕು ಬಿಡುತ್ತದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿರುವುದು ಅದಕ್ಕೇ. ಕಾಂಕ್ರೀಟೂ ಎಳೆತ ತಾಳದು. ಆದ್ದರಿಂದ ಅದರ ಅಡಿಭಾಗದಲ್ಲಿ ಉಕ್ಕಿನ ಸರಳು ಹುದುಗಿಸುತ್ತಾರೆ.

ನಿಮ್ಮ ಪಟ್ಟಿಯ ಅಡಿಗೆ ಉದ್ದಕ್ಕೂ ಟೇಪು ಅಂಟಿಸಿ. ಈಗ ಎಷ್ಟು ಕಲ್ಲು ಹೊರುತ್ತದೆ? ಅದೇ ಟೇಪನ್ನು ಮೇಲ್ಭಾಗಕ್ಕೆ ಅಂಟಿಸಿದರೆ?