ನೋವಿನ ಮಾತ್ರೆಯೂ ಮನಸ್ಸಿನ ತಳಮಳವೂ

ಕ್ಯಾನ್ಸರ್ ರೋಗಿಗಳಿರುವ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತೊಂದಿದೆ: “ನೋವೇನೋ ಇಳಿದಿದೆ. ಆದರೆ ಉಮ್ಮ ಮೊದಲಿನ ಹಾಗಿಲ್ಲ. ರಾತ್ರಿ ಎದ್ದು ಕೂರುತ್ತಾರೆ, ಎದೆ ಢವಢವ ಎನ್ನುತ್ತದೆ ಅನ್ನುತ್ತಾರೆ, ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅನ್ನುತ್ತಾರೆ.” ಆಮೇಲೆ ಮನೆಯಲ್ಲಿ ಮೂರು ವ್ಯಾಖ್ಯಾನ ಹುಟ್ಟಿಕೊಳ್ಳುತ್ತವೆ. ಒಬ್ಬರು ಕಣ್ಣು ತಾಗಿದೆ ಅನ್ನುತ್ತಾರೆ, ಇನ್ನೊಬ್ಬರು ಜಿನ್ನ್‌ನ ಬಾಧೆ ಅನ್ನುತ್ತಾರೆ, ಮೂರನೆಯವರು ಈಮಾನ್ ಗಟ್ಟಿಯಿದ್ದರೆ ಇಷ್ಟು ಹೆದರಿಕೆ ಬರುತ್ತಿತ್ತೇ ಎಂದು ರೋಗಿಗೆ ಕೇಳಿಸುವಂತೆಯೇ ಹೇಳಿಬಿಡುತ್ತಾರೆ. ಮಾತ್ರೆಯ ಚೀಟಿಯನ್ನು ತೆಗೆದು ನೋಡುವವರು ಕಡಿಮೆ.

ದುಆ ಮಾಡಿ, ಓದಿ ಊದಿ, ಅದನ್ನು ಯಾರೂ ಬೇಡ ಎನ್ನುವುದಿಲ್ಲ. ಆದರೆ ಚೀಟಿಯನ್ನೂ ನೋಡಿ. ಮಾರ್ಫಿನ್, ಟ್ರಮಡಾಲ್, ಟಪೆಂಟಡಾಲ್, ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಇವೆಲ್ಲ ಒಂದೇ ಕುಟುಂಬದ ಮದ್ದುಗಳು. ಇವುಗಳಲ್ಲಿ ಮಾರ್ಫಿನನ್ನು ಅಫೀಮಿನಿಂದಲೇ ತೆಗೆಯುತ್ತಾರೆ. ಉಳಿದವು ಪ್ರಯೋಗಾಲಯದಲ್ಲಿ ತಯಾರಾಗುತ್ತವೆ. ನೋವಿನ ಸುದ್ದಿ ಮೆದುಳಿಗೆ ತಲುಪುವ ದಾರಿಯನ್ನು ಇವು ತಗ್ಗಿಸುತ್ತವೆ. ಅದೇ ಮೆದುಳಿನಲ್ಲಿ ಭಯ, ನಿದ್ದೆ, ನೆಮ್ಮದಿಗಳನ್ನು ನೋಡಿಕೊಳ್ಳುವ ಜಾಗಗಳನ್ನೂ ಮುಟ್ಟುತ್ತವೆ. ಹೆಚ್ಚಿನವರಿಗೆ ಇದರಿಂದ ನೆಮ್ಮದಿಯೇ ಸಿಗುತ್ತದೆ. ಕೆಲವರಿಗೆ ಮಾತ್ರ ತಳಮಳ, ಕೆಟ್ಟ ಕನಸು, ಇಲ್ಲದ್ದು ಕಾಣುವುದು ಆಗುತ್ತದೆ. ಮದ್ದು ಶುರುವಾದ ಮೊದಲ ದಿನಗಳಲ್ಲಿ ಅಥವಾ ಪ್ರಮಾಣ ಏರಿಸಿದಾಗ ಇದು ಹೆಚ್ಚು. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮಾರ್ಫಿನ್‌ನ ಉಳಿಕೆ ದೇಹದಿಂದ ಹೊರಗೆ ಹೋಗದೆ ಸೇರಿಕೊಂಡು, ಮೈ ಬೆಚ್ಚಿಬೀಳುವುದು, ಬಡಬಡಿಸುವುದು ಕಾಣಿಸಿಕೊಳ್ಳುತ್ತದೆ. ವೈದ್ಯರು ಪ್ರಮಾಣ ಇಳಿಸಿ ಅಥವಾ ಬೇರೆ ಮದ್ದಿಗೆ ಬದಲಾಯಿಸಿ ಇದನ್ನು ಸರಿಮಾಡಬಲ್ಲರು.

ಆದರೆ ನಮ್ಮ ಮಲೆನಾಡಿನಲ್ಲಿ ಇದಕ್ಕಿಂತ ಹೆಚ್ಚು ಗಮನಿಸಬೇಕಾದ ಕಾರಣ ಬೇರೆಯಿದೆ: ಮದ್ದು ತಪ್ಪುವುದು. ಸಾದಾ ಮಾರ್ಫಿನ್ ಮಾತ್ರೆಯ ಬಲ ಸುಮಾರು 4 ಗಂಟೆ, ನಿಧಾನವಾಗಿ ಕರಗುವ ಮಾತ್ರೆಯದು 12 ಗಂಟೆ, ಪ್ಯಾಚಿನದು ಸಾಮಾನ್ಯವಾಗಿ 72 ಗಂಟೆ. ಕೆಲವು ವಾರ ತೆಗೆದುಕೊಂಡ ಮೇಲೆ ದೇಹ ಅದಕ್ಕೆ ಒಗ್ಗಿಹೋಗಿರುತ್ತದೆ. ಒಂದೆರಡು ಸರದಿ ತಪ್ಪಿದರೆ ದೇಹ ಪ್ರತಿಭಟಿಸುತ್ತದೆ: ಬೆವರು, ಆಕಳಿಕೆ, ಮೂಗಿನಲ್ಲಿ ನೀರು, ಮೈ ಜುಮ್ಮೆನ್ನುವುದು, ಭೇದಿ, ಎಲ್ಲಕ್ಕಿಂತ ಮೊದಲು ಹೇಳಲಾರದ ಗಾಬರಿ. ಪ್ರತಿದಿನ ಹೊತ್ತು ನೋಡಿದ ಹಾಗೆ ಮುಂದಿನ ಮಾತ್ರೆಗೆ ಅರ್ಧ ಗಂಟೆ ಮೊದಲು ಕಳವಳ ಶುರುವಾಗುತ್ತಿದ್ದರೆ ಅದು ಸ್ವಭಾವದ ದೋಷವಲ್ಲ. ಮಾತ್ರೆಯ ಬಲ ಮುಗಿಯುತ್ತಿದೆ ಎಂಬ ಸೂಚನೆ. ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ಗಾಬರಿ ಎಂದು ಒಂದು ಕಾಗದದಲ್ಲಿ ಮೂರು ದಿನ ಬರೆದಿಟ್ಟು ವೈದ್ಯರಿಗೆ ತೋರಿಸಿ. ಹತ್ತು ನಿಮಿಷದ ವಿವರಣೆಗಿಂತ ಆ ಕಾಗದ ಹೆಚ್ಚು ಹೇಳುತ್ತದೆ.

ಮಳೆಗಾಲದಲ್ಲಿ ಇದು ದೊಡ್ಡ ವಿಷಯ. ಮೂಡಿಗೆರೆ, ಕಳಸ ಕಡೆಯವರು ದೊಡ್ಡ ಆಸ್ಪತ್ರೆಗೆಂದು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುತ್ತೇವೆ, ಇಲ್ಲವೇ ಹಾಸನ, ಬೆಂಗಳೂರಿಗೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚಿದ್ದು ಯಾರೂ ಮರೆತಿಲ್ಲ. ಭದ್ರೆ ಉಕ್ಕಿದಾಗ ಕಳಸ-ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗುವುದೂ ಗೊತ್ತಿರುವುದೇ. ಮಾರ್ಫಿನ್ ಮೆಡಿಕಲ್ ಶಾಪಿನಲ್ಲಿ ಪ್ಯಾರಾಸಿಟಮಾಲ್ ಸಿಕ್ಕಂತೆ ಸಿಗುವ ವಸ್ತುವಲ್ಲ. 1985ರ ಮಾದಕವಸ್ತು ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳಲು ಆಸ್ಪತ್ರೆಗೆ ಮಾನ್ಯತೆ ಬೇಕು. 2014ರ ತಿದ್ದುಪಡಿಯ ನಂತರ ನಿಯಮ ಸರಳವಾಗಿದೆಯಾದರೂ ಎಲ್ಲ ತಾಲೂಕಿನಲ್ಲೂ ಸಿಗುವ ಹಾಗಾಗಿಲ್ಲ. ಆದ್ದರಿಂದ ಜೂನ್‌ಗೆ ಮೊದಲೇ ವೈದ್ಯರಲ್ಲಿ ಹೇಳಿ: “ನಮ್ಮ ದಾರಿ ಮುಚ್ಚಬಹುದು, ಎಷ್ಟು ದಿನಕ್ಕೆ ಕೊಡಬಲ್ಲಿರಿ? ಮುಗಿದರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ?” ಕೊನೆಯ ಪಟ್ಟಿ ಒಡೆಯುವವರೆಗೆ ಕಾಯಬೇಡಿ.

ನೋವು ಕಡಿಮೆಯಾಯಿತೆಂದು ಮನೆಯವರೇ ಮದ್ದು ನಿಲ್ಲಿಸುವುದೂ ಇದೇ ಗಾಬರಿಯನ್ನು ತರುತ್ತದೆ. ಕರಿಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಬಿದ್ದು ಬೆನ್ನುಮೂಳೆ ಮುರಿದುಕೊಂಡವರಿಗೆ ತಿಂಗಳುಗಟ್ಟಲೆ ಟ್ರಮಡಾಲ್ ನಡೆಯುವುದುಂಟು. ಅದನ್ನು ಒಮ್ಮೆಲೇ ಬಿಟ್ಟರೆ ಕೆಲವರಲ್ಲಿ ತೀವ್ರ ಭಯ, ಕಂಗಾಲು, ಭ್ರಮೆ ಕಾಣಿಸಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವಾಗಿಯೇ ಇಳಿಸಬೇಕು, ಅದೂ ವೈದ್ಯರ ಲೆಕ್ಕದಲ್ಲಿ. ಟ್ರಮಡಾಲ್ ಮಾದಕವಸ್ತು ಕಾಯ್ದೆಯೊಳಗೆ ಬಂದದ್ದು 2018ರಲ್ಲಿ. ಅದು “ಸಾದಾ ನೋವಿನ ಮಾತ್ರೆ” ಅಲ್ಲ.

ಇನ್ನು ಜೊತೆಗಿರುವ ಮದ್ದುಗಳ ಮಾತು. ಖಿನ್ನತೆಗೆ ಎಸ್ಸಿಟಲೊಪ್ರಾಮ್, ಸೆರ್ಟ್ರಾಲಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಟ್ರಮಡಾಲ್ ಸೇರಿದರೆ ನಡುಕ, ಜ್ವರ, ಎದೆಬಡಿತ, ಅತಿಯಾದ ಚಡಪಡಿಕೆ ಬರಬಹುದು. ಇದು ಅಪಾಯದ ಸ್ಥಿತಿ, ಆಸ್ಪತ್ರೆಗೆ ಹೋಗಬೇಕಾದದ್ದು. ಹಾಗಾಗಿ ಮನಸ್ಸಿನ ಮಾತ್ರೆ ತೆಗೆದುಕೊಳ್ಳುವುದನ್ನು ನಾಚಿಕೆಪಟ್ಟು ಮುಚ್ಚಿಡಬೇಡಿ. ಮಾರ್ಫಿನ್‌ನಿಂದ ವಾಕರಿಕೆ ಬರುತ್ತದೆಂದು ಕೊಡುವ ಪೆರಿನಾರ್ಮ್ ಕೂಡ ಕೆಲವರನ್ನು ಕೂರಲು ಬಿಡದು, ನಿಲ್ಲಲು ಬಿಡದು. ಕಾಲು ಅಲ್ಲಾಡಿಸುತ್ತಲೇ ಇರುತ್ತಾರೆ. ಅಪರಾಧಿ ಮಾರ್ಫಿನ್ ಅಲ್ಲದೆ ಅದರ ಜೊತೆಗಾರ ಆಗಿರುವುದು ಹೀಗೆ. ಇನ್ನೊಂದು, ಫೋರ್ಟ್‌ವಿನ್ ಇಂಜೆಕ್ಷನ್. ಆಗಲೇ ಮಾರ್ಫಿನ್‌ನಲ್ಲಿರುವ ರೋಗಿಗೆ ಇದನ್ನು ಕೊಟ್ಟರೆ ಅದು ಮಾರ್ಫಿನ್‌ನ ಕೆಲಸವನ್ನೇ ತಡೆದು, ನೋವನ್ನೂ ಗಾಬರಿಯನ್ನೂ ಒಟ್ಟಿಗೆ ತರಬಹುದು. ರಾತ್ರಿ ಪರಿಚಯದ ಕ್ಲಿನಿಕ್ಕಿಗೆ ಕರೆದೊಯ್ಯುವಾಗ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಕಾಫಿಯನ್ನು ದೂರುವುದು ನಮ್ಮ ಊರಲ್ಲಿ ಕಷ್ಟದ ಕೆಲಸ! ಆದರೂ ಹೇಳಬೇಕು: ಮಂಪರು ಬಿಡಿಸಲೆಂದು ರೋಗಿಗೆ ಸಂಜೆ ಎರಡು ಮೂರು ಲೋಟ ಗಟ್ಟಿ ಕಾಫಿ ಕೊಟ್ಟರೆ ರಾತ್ರಿ ಎದೆಬಡಿತಕ್ಕೆ ಅದೂ ಒಂದು ಕಾರಣ. ವಯಸ್ಸಾದವರಲ್ಲಿ ಮಲಬದ್ಧತೆ, ಮೂತ್ರ ಕಟ್ಟುವುದು ಎರಡೂ ಈ ಮದ್ದಿನಿಂದ ಆಗುತ್ತವೆ. ಹೇಳಿಕೊಳ್ಳಲಾಗದ ಅಜ್ಜ ಸುಮ್ಮನೆ ಕಿರುಚಾಡುತ್ತಿದ್ದರೆ ಮೊದಲು ಕಿಬ್ಬೊಟ್ಟೆ ಉಬ್ಬಿದೆಯೇ ನೋಡಿ.

ಗಾಬರಿ ಕಂಡ ಕೂಡಲೇ ಅಲ್ಪ್ರಾಜೋಲಾಮ್‌ನಂಥ ನಿದ್ದೆ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ಎರಡೂ ಸೇರಿದರೆ ಉಸಿರಾಟ ನಿಧಾನವಾಗುತ್ತದೆ. ರೋಗಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ಬಹಳ ನಿಧಾನವಾಗಿದ್ದರೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಓದಿದ ಮೇಲೆ ಮಾರ್ಫಿನ್ ಬೇಡವೇ ಬೇಡ ಎಂದು ಯಾರಿಗಾದರೂ ಅನಿಸಿದರೆ ಅದು ನಮ್ಮ ಉದ್ದೇಶವಲ್ಲ. ಕ್ಯಾನ್ಸರ್‌ನ ತೀವ್ರ ನೋವಿಗೆ ಅದಕ್ಕಿಂತ ನಂಬಬಹುದಾದ ಮದ್ದು ಕಡಿಮೆ, ಮತ್ತು ತಣಿಯದ ನೋವೇ ಎಲ್ಲಕ್ಕಿಂತ ದೊಡ್ಡ ಆತಂಕ. ಅಮಲು ತರುವ ವಸ್ತು ಹರಾಮಲ್ಲವೇ ಎಂದು ಕೇಳುವವರಿದ್ದಾರೆ. ಕೈಕಾಲು ಕತ್ತರಿಸಬೇಕಾದಾಗ ಪ್ರಜ್ಞೆ ತಪ್ಪಿಸುವ ಮದ್ದು ಕೊಡಬಹುದೇ ಎಂಬುದನ್ನು ಹಿಂದಿನ ಕಾಲದ ಫಿಕ್ಹ್ ವಿದ್ವಾಂಸರೇ ಚರ್ಚಿಸಿ, ಅಗತ್ಯದ ಚಿಕಿತ್ಸೆಗೆ ಅನುಮತಿಸಿದ್ದಾರೆ. ಮೋಜಿಗೆ ತೆಗೆದುಕೊಳ್ಳುವುದು ಬೇರೆ, ರೋಗಿಯ ನೋವಿಗೆ ವೈದ್ಯರು ಅಳೆದು ಕೊಡುವುದು ಬೇರೆ.

ರಮಝಾನಿನಲ್ಲಿ ಈ ಗೊಂದಲ ಜಾಸ್ತಿ. ಉಪವಾಸ ಹಿಡಿಯಬೇಕೆಂದು ಹಗಲಿನ ಮಾತ್ರೆಗಳನ್ನು ಬಿಟ್ಟು, ಅಸರ್ ಹೊತ್ತಿಗೆ ಬೆವರಿ ನಡುಗುತ್ತಾ ಕೂರುವ ಹಿರಿಯರಿದ್ದಾರೆ. ರೋಗಿಗೆ ವಿನಾಯಿತಿ ಇದೆ. ಗುಣವಾಗುವ ನಿರೀಕ್ಷೆಯಿಲ್ಲದವರು ದಿನಕ್ಕೊಬ್ಬ ಬಡವರಿಗೆ ಆಹಾರದ ಫಿದ್ಯ ಕೊಟ್ಟರೆ ಸಾಕು. ಹಿಡಿಯಲೇಬೇಕೆಂಬ ಹಂಬಲವಿದ್ದರೆ 12 ಗಂಟೆಯ ಮಾತ್ರೆಯನ್ನು ಸಹರಿ ಮತ್ತು ಇಫ್ತಾರಿಗೆ ಹೊಂದಿಸಲಾಗುತ್ತದೆಯೇ ಎಂದು ವೈದ್ಯರನ್ನು ತಿಂಗಳ ಮೊದಲೇ ಕೇಳಿ. ಆಗದು ಎಂದರೆ ಖತೀಬರೇ ಮನೆಗೆ ಬಂದು ಆ ಹಿರಿಯರಿಗೆ ಹೇಳುವುದು ಒಳ್ಳೆಯದು. ಮಕ್ಕಳು ಹೇಳಿದರೆ ಅವರು ಕೇಳುವುದಿಲ್ಲ.

ಎಲ್ಲ ಗಾಬರಿಯೂ ಮದ್ದಿನದ್ದಲ್ಲ ಎಂಬುದೂ ನಿಜ. ಮಗಳ ಮದುವೆ, ತೋಟದ ಸಾಲ, ಸಾವಿನ ಯೋಚನೆ ಇವೂ ರಾತ್ರಿ ಎಬ್ಬಿಸುತ್ತವೆ. ಅದಕ್ಕೆ ಹತ್ತಿರ ಕೂತು ಕೇಳುವವರು ಬೇಕು. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಉಚಿತ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

ಈ ಮದ್ದುಗಳನ್ನು ಬೀಗ ಹಾಕಿದ ಕಪಾಟಿನಲ್ಲಿಡಿ, ಎಣಿಕೆ ಬರೆದಿಡಿ. ಮನೆಯಲ್ಲಿ ಯುವಕರಿದ್ದರೆ ಇನ್ನೂ ಮುಖ್ಯ. ರೋಗಿ ತೀರಿಕೊಂಡ ಮನೆಯಲ್ಲಿ ಉಳಿದ ಮಾತ್ರೆಗಳನ್ನು ನೋವಿರುವ ಇನ್ನೊಬ್ಬರಿಗೆ ಸದಕಾ ಎಂದು ಕೊಡುವುದು ಸಲ್ಲದು. ಒಬ್ಬರಿಗೆ ಒಗ್ಗಿದ ಪ್ರಮಾಣ ಇನ್ನೊಬ್ಬರ ಉಸಿರು ನಿಲ್ಲಿಸಬಹುದು. ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ತೆಗೆದ ಪ್ಯಾಚಿನಲ್ಲೂ ಮದ್ದು ಉಳಿದಿರುತ್ತದೆ. ಅಂಟು ಒಳಗೆ ಬರುವಂತೆ ಮಡಚಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಅದನ್ನೂ ಮಾತ್ರೆಗಳ ಜೊತೆಗೇ ಒಪ್ಪಿಸಿ.